ಹಳಿ ಕಾಣದ ಬಾಗಿಲು

ನನಗೀಗ ಹದಿನೇಳು ವರ್ಷ. ಈ ವಯಸ್ಸಿಗೇ ಬಾಲ್ಯ ನೆನೆಸಿಕೊಂಡು ಬರೆಯಲು ಕೂತಿದ್ದು ಅತಿಯಾಯಿತು ಎಂದು ಸುಮಕ್ಕ ಹೇಳುತ್ತಾಳೆ. ಆದರೆ ನಮ್ಮ ಮನೆಯಲ್ಲಿ ಅತಿಯಾಗದೆ ಯಾವುದೂ ಆದದ್ದಿಲ್ಲ. ಉಗ್ರಾಣದ ಬಾಗಿಲನ್ನೇ ತೆಗೆದುಕೊಳ್ಳಿ. ಹೊಸಪೇಟೆಯ ನಮ್ಮ ಓಣಿಯಲ್ಲಿ ಉಳಿದ ಮಕ್ಕಳು ತಮ್ಮ ಮನೆಯ ಬಾಗಿಲನ್ನು ಒಂದು ಬೆರಳಿನಿಂದ ತಳ್ಳುತ್ತಿದ್ದರು. ನಾನು ನಮ್ಮ ಬಾಗಿಲನ್ನು ತಳ್ಳಬೇಕೆಂದರೆ ಮೊದಲು ಒಂದು ರೊಟ್ಟಿ ತಿಂದು, ಭುಜ ಕೊಟ್ಟು, ಹನುಮಪ್ಪ ದೇವರ ಹೆಸರು ಹೇಳಬೇಕಿತ್ತು. ಅಷ್ಟಾದರೂ ಅದು ತಕ್ಷಣ ಸರಿಯುತ್ತಿರಲಿಲ್ಲ. ಸ್ವಲ್ಪ ಯೋಚನೆ ಮಾಡಿ, ಗುರುಗುಟ್ಟಿ, ಊಟದ ಹೊತ್ತಿನಲ್ಲಿ ಎಬ್ಬಿಸಿದ ಗುಮಾಸ್ತನ ಹಾಗೆ ಅರ್ಧ ಮಾತ್ರ ತೆರೆದುಕೊಳ್ಳುತ್ತಿತ್ತು.

ಅದು ಸಾಲ್ ಮರದ ಬಾಗಿಲು. ಸಾಲ್ ನಮ್ಮ ಕಡೆಯ ಮರವಲ್ಲ. ಸಂಡೂರಿನ ಗುಡ್ಡಗಳನ್ನೆಲ್ಲ ಜಾಲಾಡಿದರೂ ಒಂದು ಗಿಡ ಸಿಗುವುದಿಲ್ಲ. ಎಲ್ಲೋ ಉತ್ತರದ ಕಾಡಿನಲ್ಲಿ ಬೆಳೆದು, ಹಳಿಯ ಕೆಳಗೆ ಅಡ್ಡಲಾಗಿ ಮಲಗಿಸುವ ಸ್ಲೀಪರ್ ಆಗಿ, ರೈಲಿನಲ್ಲೇ ನಮ್ಮೂರಿಗೆ ಬಂದಿತ್ತು. ನಮ್ಮ ತಾತ ಹನುಮಂತಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಸುತ್ತಿಗೆ ಹೆಗಲಿಗೆ ಹಾಕಿಕೊಂಡು ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆಯುವುದು, ಸಡಿಲಾದ ಮೊಳೆ ಕಂಡರೆ ಬಡಿಯುವುದು, ಮತ್ತೆ ನಡೆಯುವುದು ಅವರ ಕೆಲಸ. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದಾಗ ಕೆಳಗೆ ಕಾಂಕ್ರೀಟಿನ ಸ್ಲೀಪರ್ ಬಂದವು, ಮರದವು ಹರಾಜಿಗೆ ಬಿದ್ದವು. ಉಳಿದವರು ಸೌದೆಗೆಂದು ಒಂದೋ ಎರಡೋ ತಂದರು. ತಾತ ಎರಡು ಎತ್ತಿನಗಾಡಿ ತುಂಬ ತಂದರು. ಅದರಲ್ಲೇ ನಮ್ಮ ಮಂಚ, ಪಡಸಾಲೆಯ ಬೆಂಚು, ಮಾಳಿಗೆಯ ಮೆಟ್ಟಿಲು, ಬಟ್ಟೆ ಒಗೆಯುವ ಹಲಗೆ, ಕೊನೆಗೆ ರೊಟ್ಟಿ ಬಡಿಯುವ ಮಣೆ ಕೂಡ ಆಯಿತು. ಮೊದಲೆರಡು ವರ್ಷ ರೊಟ್ಟಿಗೆ ಗೂಡ್ಸ್ ಗಾಡಿಯ ವಾಸನೆ ಬರುತ್ತಿತ್ತು ಎಂದು ಅವ್ವ ಹೇಳುತ್ತಾಳೆ. ಮಂಚವನ್ನು ಸರಿಸಲು ನಾಲ್ಕು ಗಂಡಸರು ಬೇಕಾಗಿದ್ದರಿಂದ ಅದರ ಕೆಳಗೆ ನಾನು ಹುಟ್ಟಿದಾಗಿನಿಂದ ಯಾರೂ ಗುಡಿಸಿಲ್ಲ.

ಆ ಮರದ ಗುಣವೇ ಹಾಗೆ. ಮೊಳೆ ಹೊಡೆದರೆ ಮೊಳೆ ಡೊಂಕಾಗುತ್ತದೆ. ಮೊದಲು ಬೈರಿಗೆಯಿಂದ ತೂತು ಕೊರೆದು, ಮೊಳೆಗೆ ಎಣ್ಣೆ ಸವರಿ, ಬೇಡಿಕೊಂಡರೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ನಾರು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಕೊಡಲಿಗೆ ಸೀಳುವುದಿಲ್ಲ. ಒಮ್ಮೆ ಅದರ ತುಂಡೊಂದನ್ನು ಕಾಲುವೆಗೆ ಎಸೆದು ನೋಡಿದ್ದೆ. ಮುಕ್ಕಾಲು ಪಾಲು ಮುಳುಗಿ, ಬೆನ್ನು ಮಾತ್ರ ಮೇಲಿಟ್ಟುಕೊಂಡು ಮೊಸಳೆಯ ಹಾಗೆ ಹೋಯಿತು. ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಸೀರೆ ಬಿಟ್ಟು ದಡ ಹತ್ತಿದರು. ಪಕ್ಕದ ಮನೆಯ ಮಾವಿನ ಹಲಗೆಯನ್ನು ಮುಗಿಸಿದ ಗೆದ್ದಲು ನಮ್ಮ ಗೋಡೆಯ ಮೇಲೆ ಮಣ್ಣಿನ ದಾರಿ ಕಟ್ಟಿಕೊಂಡು ಬಾಗಿಲವರೆಗೂ ಬಂದು, ಮುಟ್ಟಿ ನೋಡಿ, ಬಂದ ದಾರಿಯಲ್ಲೇ ವಾಪಸು ಹೋಗಿತ್ತು. ಇದು ಮಾತ್ರ ನಾನು ಕಟ್ಟಿದ್ದಲ್ಲ, ಆ ಮಣ್ಣಿನ ಗೆರೆ ಇವತ್ತಿಗೂ ಇದೆ.

ಬೆಂಚು, ಮಂಚಗಳಲ್ಲೆಲ್ಲ ಹಳಿಯ ಮೊಳೆ ಹೊಡೆದಿದ್ದ ತೂತುಗಳಿದ್ದವು. ಬೆಂಚಿನ ತೂತುಗಳಲ್ಲಿ ನಾನು ಹುಣಸೆ ಬೀಜ ಬಚ್ಚಿಡುತ್ತಿದ್ದೆ. ಉಗ್ರಾಣದ ಬಾಗಿಲಿನ ನಾಲ್ಕು ಹಲಗೆಗಳಲ್ಲಿ ಮಾತ್ರ ಒಂದೂ ತೂತಿರಲಿಲ್ಲ. ಯಾಕೆಂದರೆ ಅವು ಹರಾಜಿನವಲ್ಲ, ಇನಾಮು ಬಂದವು. ಮಳೆಗಾಲದ ಒಂದು ಬೆಳಿಗ್ಗೆ ತಾತ ಹಳಿ ಬಿರುಕು ಬಿಟ್ಟದ್ದನ್ನು ಕಂಡರಂತೆ. ಎದುರಿಗೆ ಪ್ಯಾಸೆಂಜರ್ ಗಾಡಿ ಬರುತ್ತಿತ್ತಂತೆ. ತಲೆಯ ಕೆಂಪು ರುಮಾಲು ಬಿಚ್ಚಿ ಬೀಸಿದರಂತೆ. ಗಾಡಿ ಅವರ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ನಿಂತಿತಂತೆ. ದೊಡ್ಡ ಸಾಹೇಬರು ಇಳಿದು ಬಂದು ಬೆನ್ನು ತಟ್ಟಿ, ಇನ್ನೂ ಹಳಿಯ ಮುಖ ನೋಡದ ಎರಡು ಹೊಸ ಸ್ಲೀಪರ್ ಕೊಟ್ಟರಂತೆ. ಮನೆಗೆ ಯಾರೇ ಬರಲಿ, ಕಾಲು ತೊಳೆದು ಬೆಂಚಿನ ಮೇಲೆ ಕೂತೊಡನೆ ತಾತ ಎದುರಿನ ಆ ಬಾಗಿಲಿನ ಕಡೆ ಕೈ ತೋರಿಸಿ, "ಹಳಿ ಕಾಣದ ಕಟ್ಟಿಗಿ ನೋಡ್ರಿ. ಒಂದು ತೂತು ತೋರಿಸ್ರಿ, ಮೀಸಿ ಬೋಳಿಸ್ಕೊಂತೀನಿ" ಎನ್ನುತ್ತಿದ್ದರು. ನಾನು ನಾಲ್ಕನೇ ತರಗತಿಯ ಭಾಷಣ ಸ್ಪರ್ಧೆಯಲ್ಲಿ ಇದನ್ನೇ ಹೇಳಿದೆ. ಒಂದು ಗೇಣನ್ನು ನಾಲ್ಕು ಬೆರಳಿಗೆ ಇಳಿಸಿದೆ, ಗಾಡಿಗೆ ಒಬ್ಬ ಮಂತ್ರಿಯನ್ನೂ ಮೂವರು ಬಸುರಿ ಹೆಂಗಸರನ್ನೂ ಹತ್ತಿಸಿದೆ. ಎರಡನೇ ಬಹುಮಾನ ಬಂತು, ಸ್ಟೀಲಿನ ಡಬ್ಬಿ.

ಈ ಕಥೆಯನ್ನು ನಂಬದವರು ಓಣಿಯಲ್ಲಿ ಒಬ್ಬರೇ, ಬಡಿಗೇರ ಮೌನೇಶಾಚಾರಿ. ನಮ್ಮ ಮಂಚ, ಬೆಂಚು ಮಾಡಿದವರು ಅವರೇ. ಬಾಗಿಲನ್ನು ಮಾತ್ರ ತಾತ ಅವರಿಗೆ ಕೊಡದೆ, ಹಿತ್ತಲಿನಲ್ಲಿ ಸುತ್ತಲೂ ತಡಿಕೆ ಕಟ್ಟಿಕೊಂಡು, ಯಾರನ್ನೂ ಒಳಗೆ ಬಿಡದೆ ಎರಡು ತಿಂಗಳು ಕೂತು ತಾವೇ ಮಾಡಿದ್ದರು. ಇದು ಆಚಾರಿಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಸಂಜೆ ಚಹಾದ ಹೊತ್ತಿಗೆ ಬಂದು ಬೆಂಚಿನ ಮೇಲೆ ಕೂತರೆ ಜಗಳ ಶುರು.

"ಹನುಮಂತಣ್ಣ, ಇದು ಕಟ್ಟಿಗಿ ಅಲ್ಲ, ಕಬ್ಬಿಣಕ್ಕ ಹುಟ್ಟಿದ ಕೂಸು. ನನ್ನ ಎರಡು ಗರಗಸ ತಿಂದೈತಿ. ಕಟ್ಟಿಗಿ ಅಂದ್ರ ಸಾಗವಾನಿ. ಉಳಿ ಇಟ್ರ ಸಾಕು, ಬೆಣ್ಣಿ ಬಂದಂಗ ಬರ್ತೈತಿ."

"ಬೆಣ್ಣಿ ಬೇಕಂದ್ರ ಹಾಲಿನ ಅಂಗಡಿಗಿ ಹೋಗಲೇ. ನನಗ ಬೇಕಾಗಿದ್ದು ಬಾಗ್ಲ."

"ಸಾಗವಾನಿ ಮ್ಯಾಲ ಹೂವು ಕೊರೀಬಹುದು, ಹಂಸ ಕೊರೀಬಹುದು. ಇದರ ಮ್ಯಾಲ ಏನ್ ಕೊರೀತಿ?"

"ಕಳ್ಳ ಬಂದ್ರ ಹಂಸ ಕಚ್ಚತೈತೇನು?"

ಇಲ್ಲಿಗೆ ಅವ್ವ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಡುತ್ತಿದ್ದಳು. ಮಿರ್ಚಿಯ ಖಾರಕ್ಕೆ ಇಬ್ಬರ ಬಾಯಿಯೂ ಬೇರೆ ಕೆಲಸಕ್ಕೆ ಹೋಗುತ್ತಿತ್ತು. ಪ್ರತಿ ವರ್ಷ ಯುಗಾದಿಗೆ ಮುಂಚೆ ತಾತ ಆ ಬಾಗಿಲಿಗೆ ಆಟೊದ ಹಳೇ ಎಂಜಿನ್ ಆಯಿಲ್ ಬಳಿಯುತ್ತಿದ್ದರು, ಒಳಗೂ ಹೊರಗೂ. ಸುಣ್ಣ ಬಳಿಯಲು ನಾವೆಲ್ಲ ಬೇಕು. ಇದಕ್ಕೆ ಮಾತ್ರ ಯಾರೂ ಬೇಡ. ಭಕ್ತಿ ಎಂದುಕೊಂಡಿದ್ದೆವು. ಬಾಗಿಲು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಾ ಎಮ್ಮೆಯ ಬೆನ್ನಿನಂತೆ ಮಿರುಗುತ್ತಿತ್ತು.

ನನಗೆ ಹತ್ತು ವರ್ಷವಿದ್ದಾಗ ಸುಮಕ್ಕ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಳು. ಅವಳು ಓದಲು ಆರಿಸಿಕೊಂಡದ್ದು ಉಗ್ರಾಣವನ್ನು. ಅದನ್ನು ತಾತ ಇಲಿ ನುಗ್ಗದ ಹಾಗೆ ಕಟ್ಟಿಸಿದ್ದರು: ಎರಡಡಿ ದಪ್ಪದ ಕಲ್ಲಿನ ಗೋಡೆ, ಕಿಟಕಿ ಇಲ್ಲ, ಬೆಳಕಿಂಡಿ ಇಲ್ಲ, ಬಾಗಿಲಿನ ಕೆಳಗೆ ಒಂದು ಕಡ್ಲೆಬೀಜ ತೂರಿಸಲೂ ಸಂದಿ ಇಲ್ಲ. ಒಳಗೆ ಜೋಳದ ಚೀಲ, ಒಂದು ಬಲ್ಬು, ಅಕ್ಕ. ಬಾಗಿಲು ಹಾಕಿದರೆ ನನ್ನ ಮಾತು ಒಳಗೆ ಕೇಳುವುದಿಲ್ಲ ಎನ್ನುವುದೇ ಆ ಕೋಣೆಯ ದೊಡ್ಡ ಸೌಕರ್ಯ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಗಣಿತದ ಪರೀಕ್ಷೆಯ ಹಿಂದಿನ ಸಂಜೆ ಅವಳು ಟ್ಯೂಷನ್‌ಗೆ ಹೋಗಿದ್ದಾಗ ನಾನು ಇಬ್ಬರು ಗೆಳತಿಯರನ್ನು ಕರೆತಂದು ಬಾಗಿಲಿನ ಬಲ ತೋರಿಸಿದೆ. ಒಳಗಡೆಯ ಚಿಲಕದ ಹಿಡಿಗೆ ಎರಡೂ ಕೈ ಹಾಕಿ ಜೋತುಬಿದ್ದೆ. ಬಾಗಿಲು ಅಲುಗಲಿಲ್ಲ. ಹಿಡಿ 'ಕಟ್' ಎಂದಿತು. ಗೆಳತಿಯರು ಹೋದ ಮೇಲೆ ಮೈದಾ ಹಿಟ್ಟು ಕಲಸಿ, ಅದಕ್ಕೆ ಒಲೆಯ ಮಸಿ ಬೆರೆಸಿ, ಹಿಡಿಯನ್ನು ಇದ್ದಲ್ಲೇ ಅಂಟಿಸಿದೆ. ನೋಡಲು ಚೆನ್ನಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಅಪ್ಪ ಸಂಡೂರಿನ ಗಣಿ ಕೆಲಸಕ್ಕೆ ಮೊದಲ ಬಸ್ಸಿಗೇ ಹೋಗಿದ್ದರು. ಅಕ್ಕ ಸ್ನಾನ ಮಾಡಿ, ಯೂನಿಫಾರ್ಮ್ ಹಾಕಿ, ಕೊನೆಯದಾಗಿ ಒಂದು ಸಲ ನೋಡಿಕೊಳ್ಳುತ್ತೇನೆ ಎಂದು ಉಗ್ರಾಣ ಸೇರಿ ಚಿಲಕ ಹಾಕಿಕೊಂಡಳು. ಪರೀಕ್ಷೆ ಹತ್ತೂವರೆಗೆ. ಒಂಬತ್ತಕ್ಕೆ ಅವ್ವ ಮೊಸರಿಗೆ ಸಕ್ಕರೆ ಹಾಕಿದ ಬಟ್ಟಲು ಹಿಡಿದು ಬಾಗಿಲು ಬಡಿದಳು. ಒಳಗೆ ಸ್ವಲ್ಪ ಸದ್ದಾಯಿತು. ಆಮೇಲೆ ಬಾವಿಯೊಳಗಿಂದ ಬಂದಂತೆ ಅಕ್ಕನ ದನಿ.

"ಅವ್ವಾ, ಹಿಡಿ ಕೈಯಾಗ ಬಂತು! ಚಿಲಕ ಸರೀವಲ್ದು!"

ಅದೇ ಹೊತ್ತಿಗೆ ಕರೆಂಟು ಹೋಯಿತು. ಇದೂ ನಾನು ಸೇರಿಸಿದ್ದಲ್ಲ.

ತಾತ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದರು. "ಒಳಗ ಕಬ್ಬಿಣದ್ದು ಏನೈತವ್ವ ನಿನ್ ಕಡಿ?"

"ಕೈವಾರ ಐತಿ ತಾತಾ. ಹಿಡಿ ಇದ್ದಲ್ಲಿ ಚಿಲಕದಾಗ ಸಣ್ಣ ತೂತು ಐತಿ. ಅದರಾಗ ಇಟ್ಟು ಮೀಟಿದೆ. ಕೈವಾರ ಡೊಂಕಾತು. ಪೆನ್ನು ಮುರೀತು. ಒಂದು ದಪ್ಪನ ಮೊಳಿ ಇದ್ರ ಸಾಕಿತ್ತು."

ಒಂದು ಮೊಳೆ. ನಮ್ಮ ಹಿತ್ತಲಿನಲ್ಲಿ ಒಂದು ಡಬ್ಬ ಮೊಳೆಗಳಿದ್ದವು. ಅವಳಿಗೂ ಅವಕ್ಕೂ ನಡುವೆ ಎರಡು ಇಂಚು ಸಾಲ್ ಮರ ಇತ್ತು. ಎದುರು ಮನೆಯ ಆಟೊ ಡ್ರೈವರ್ ಖಾಜಣ್ಣ ಓಡಿ ಬಂದು ಬಾಗಿಲಿಗೆ ಒದ್ದ. ಆಮೇಲೆ ಅರ್ಧ ಗಂಟೆ ಕುಂಟಿದ. ಕೊಡಲಿ ತಂದು ಹೊಡೆದ. ಕೊಡಲಿ ಪುಟಿದು ಅವ್ವನ ಕಡೆ ತಿರುಗಿತು, ಅವ್ವ ಮೊಸರು ಚೆಲ್ಲದಂತೆ ತಪ್ಪಿಸಿಕೊಂಡಳು. ಮೌನೇಶಾಚಾರಿ ಕೈಬೈರಿಗೆ ತಂದು ಕೊರೆಯತೊಡಗಿದರು. ಕಾಲು ಇಂಚು ಇಳಿಯುವುದರೊಳಗೆ ಅದರ ತುದಿ ಮುರಿದು ಮರದಲ್ಲೇ ಉಳಿಯಿತು. ಬಾಗಿಲು ತಿರುಗುವ ಕೀಲುಗಳೆಲ್ಲ ಒಳಗಡೆ ಇದ್ದವು, ಕಳ್ಳರಿಗೆ ಸಿಗಬಾರದೆಂದು.

"ಗೋಡಿ ಒಡ್ಯೂನೇನ್ರಿ?" ಎಂದ ಖಾಜಣ್ಣ.

"ಎರಡಡಿ ಕಲ್ಲು ಐತಪ. ಮಧ್ಯಾಹ್ನ ಆಕೈತಿ," ಎಂದರು ಆಚಾರಿ. ಮುರಿದ ಬೈರಿಗೆ ಹಿಡಿದುಕೊಂಡೇ ತಾತನ ಕಡೆ ತಿರುಗಿದರು. "ಹನುಮಂತಣ್ಣ, ಸಾಗವಾನಿ ಆಗಿದ್ರ ಇಷ್ಟೊತ್ತಿಗೆ ಕೂಸು ಪರೀಕ್ಷಿ ಸಾಲಿ ಮುಟ್ಟಿರ್ತಿತ್ತು."

ತಾತ ಬೆಂಚಿನ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ತಮ್ಮ ಬಾಗಿಲು ಗೆದ್ದ ಹೆಮ್ಮೆ ಎಂದು ನಾನು ತಿಳಿದೆ. ಒಂದು ಸಲ ಎದ್ದರು, ಆಚಾರಿಯನ್ನು ನೋಡಿ ಮತ್ತೆ ಕೂತರು. ನನ್ನ ವಿಷಯ ಹೇಳುವುದಾದರೆ, ಹಿಟ್ಟು ಕಲಸಿದ ಬೆರಳುಗಳನ್ನು ಲಂಗಕ್ಕೆ ಒರೆಸುತ್ತಾ, ಯಾರೂ ಕೇಳದಿದ್ದರೂ "ತುಕ್ಕು ಹಿಡಿದಿತ್ತು ಅನ್ಸುತ್ತ" ಎಂದು ಮೂರು ಸಲ ಹೇಳಿದ್ದೆ.

"ತಾತಾ, ಟೈಮ್ ಎಷ್ಟಾತು?" ಒಳಗಿಂದ ಅಕ್ಕ ಕೇಳಿದಳು.

"ಹತ್ತಕ್ಕ ಐದು ನಿಮಿಷ ಐತವ್ವ."

ಆಮೇಲೆ ಸಣ್ಣಗೆ ಏನೋ ಕೇಳಿಸಿತು. ಬಾಗಿಲಿಗೆ ಕಿವಿ ಹಚ್ಚಿದೆವು. ಅಕ್ಕ ಆ ಕತ್ತಲೆಯಲ್ಲಿ ಗಣಿತದ ಸೂತ್ರಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು. ನಡುವೆ ಒಂದು ಕಡೆ ದನಿ ಒಡೆಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ತಾತ ಎದ್ದರು. "ಎಲ್ಲಾರೂ ಹೊರಗ ನಡೀರಿ."

"ಯಾಕ?" ಎಂದರು ಆಚಾರಿ.

"ಗಾಳಿ ಆಡ್ಲಿ."

"ನಾ ಹೋಗಂಗಿಲ್ಲ. ಈ ಬಾಗ್ಲ ಸೋಲೂದು ನೋಡಾಕ ಇಪ್ಪತ್ತೈದು ವರ್ಸದಿಂದ ಕಾಯಾಕತ್ತೀನಿ."

ತಾತ ಹಿತ್ತಲಿಗೆ ಹೋಗಿ ಸುತ್ತಿಗೆ, ಒಂದು ಕಬ್ಬಿಣದ ಸಲಾಕೆ, ಒಂದು ಉದ್ದನೆಯ ಸ್ಕ್ರೂಡ್ರೈವರ್ ತಂದರು. ಬಾಗಿಲಿನ ಮುಂದೆ ನಿಂತು, ಎದೆಯ ಎತ್ತರದಲ್ಲಿ, ಅಂಚಿನ ಹಲಗೆಯ ಮೇಲೆ ಹೆಬ್ಬೆರಳು ಇಟ್ಟರು. ಹುಡುಕಲಿಲ್ಲ, ತಡಕಲಿಲ್ಲ, ತಮ್ಮ ಹೊಕ್ಕುಳು ಎಲ್ಲಿದೆ ಎಂದು ಗೊತ್ತಿದ್ದ ಹಾಗೆ ಗೊತ್ತಿತ್ತು. ಉಗುರಿನಿಂದ ಕೆರೆದರು. ಇಪ್ಪತ್ತೈದು ಯುಗಾದಿಗಳ ಎಣ್ಣೆ ಸುರುಳಿಯಾಗಿ ಎದ್ದು ದುಡ್ಡಿನಷ್ಟಗಲದ ಒಂದು ದುಂಡನೆಯ ಗೆರೆ ಕಾಣಿಸಿತು.

"ಸುಮವ್ವ, ಹಿಂದಕ್ಕ ಸರಿ," ಎಂದು ಕೂಗಿ, ಸಲಾಕೆಯನ್ನು ಆ ಗೆರೆಯ ನಡುವೆ ಇಟ್ಟು ಹೊಡೆದರು. ಮೂರನೇ ಪೆಟ್ಟಿಗೆ ಏನೋ ಒಳಗೆ ಬಿದ್ದ ಸದ್ದಾಯಿತು. ಅಷ್ಟು ಹೊತ್ತು ಬಾವಿಯೊಳಗಿಂದ ಬರುತ್ತಿದ್ದ ಅಕ್ಕನ ದನಿ ಈಗ ತೂತಿನಿಂದ ನೇರವಾಗಿ, ಇಡೀ ಓಣಿಗೆ ಕೇಳುವಂತೆ ಬಂತು.

"ತಾತಾ! ಬಾಗ್ಲಾಗ ತೂತು ಐತಿ! ಬೆಳಕು ಬರಾಕತ್ತೈತಿ!"

ತಾತ ಸ್ಕ್ರೂಡ್ರೈವರನ್ನು ಆ ತೂತಿನಲ್ಲಿ ತೂರಿಸಿದರು. ಒಳಗೆ ಅಕ್ಕ ಅದನ್ನು ಚಿಲಕದ ತೂತಿಗೆ ಇಟ್ಟು ಮೀಟಿದಳು. ಚಿಲಕ ಸರಿಯಿತು. ಬಾಗಿಲು ಎಂದಿನಂತೆ ಸ್ವಲ್ಪ ಯೋಚನೆ ಮಾಡಿ ತೆರೆದುಕೊಂಡಿತು. ಅಕ್ಕನ ಮುಖವೆಲ್ಲ ಜೋಳದ ಧೂಳು, ಧೂಳಿನ ಮೇಲೆ ಎರಡು ಒದ್ದೆ ಗೆರೆ. ಅವಳು ಯಾರನ್ನೂ ನೋಡದೆ ಹಾಲ್ ಟಿಕೆಟ್ ಹಿಡಿದು ಆಟೊಕ್ಕೆ ಓಡಿದಳು, ಹಿಂದೆ ಬಟ್ಟಲು ಹಿಡಿದ ಅವ್ವ. ಆಟೊದಲ್ಲಿ ನಾನಿರಲಿಲ್ಲ, ಆದರೂ ಹೇಳುತ್ತೇನೆ: ಖಾಜಣ್ಣ ಒಂದು ಎಮ್ಮೆ, ಎರಡು ಸ್ಪೀಡ್ ಬ್ರೇಕರ್, ಒಬ್ಬ ಟ್ರಾಫಿಕ್ ಪೊಲೀಸ್ ಯಾವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮೊಸರು ಅರ್ಧ ಅಕ್ಕನ ಬಾಯಿಗೆ, ಅರ್ಧ ಯೂನಿಫಾರ್ಮಿಗೆ. ಗೇಟು ಮುಚ್ಚುವ ಮುಂಚೆ ಅವಳು ಒಳಗಿದ್ದಳು.

ಮನೆಯಲ್ಲಿ ಉಳಿದವರು ಮೂವರು. ಆಚಾರಿ ಉಗ್ರಾಣದ ನೆಲದಿಂದ, ತೂತಿನಿಂದ ಕಳಚಿ ಬಿದ್ದಿದ್ದ ಮರದ ಗೂಟವನ್ನು ಎತ್ತಿಕೊಂಡರು. ಬಾಗಿಲಿನ ಬಳಿ ನಿಂತು, ಉಗುರಿನಿಂದ ಒಂದೊಂದೇ ಹಲಗೆ ಕೆರೆಯುತ್ತಾ ಎಣಿಸಿದರು. ಒಂದು ಹಲಗೆಗೆ ನಾಲ್ಕು, ನಾಲ್ಕು ಹಲಗೆಗೆ ಹದಿನಾರು.

"ಹನುಮಂತಣ್ಣ, ಇವು ಹಳಿ ಕಂಡ ಕಟ್ಟಿಗಿ."

"ಹ್ಞೂಂ."

"ಹರಾಜಿನ್ವು."

"ಹ್ಞೂಂ."

"ಮತ್ತ ಸಾಹೇಬ್ರು ಕೊಟ್ಟಿದ್ದು?"

"ಸಾಹೇಬ್ರು ಕೊಟ್ಟಿದ್ದು ಒಂದು ಮೆಮೊ. ಡ್ಯೂಟಿ ಮ್ಯಾಲ ಬೀಡಿ ಸೇದಿದ್ದಕ್ಕ."

"ಗಾಡಿ ಬಂದಿದ್ದು?"

"ಅದು ಖರೇ."

"ನಿಂತಿದ್ದು?"

"ಅದೂ ಖರೇ. ಅಲ್ಲಿ ಸ್ಟೇಷನ್ ಇತ್ತು."

ಆಚಾರಿ ಈಗ ನಗುತ್ತಾರೆ, ಓಣಿಯೆಲ್ಲ ಕೂಡಿಸಿ ನಗುತ್ತಾರೆ ಎಂದು ನಾನು ಕಾದೆ. ಅವರು ಗೂಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದರು. ಅದೇ ಮರದಿಂದ ಕಡೆದು, ಒಂದು ತುದಿ ಕೂದಲೆಳೆಯಷ್ಟು ಸಣ್ಣ ಮಾಡಿ, ಬಣ್ಣಕ್ಕೆ ಬಣ್ಣ ಕೂಡಿಸಿ ಬಡಿದ ಗೂಟ.

"ಇಂಥವು ಹದಿನಾರು ನೀನ ಹೊಡ್ದಿ?"

"ಮತ್ಯಾರು?"

"ನಾ ದಿನಾ ಇದರ ಮುಂದ ಕುಂತು ಚಹಾ ಕುಡ್ದೆ. ನನ್ ಕಣ್ಣಿಗೇ ಬೀಳ್ಲಿಲ್ಲಲ್ಲೋ," ಎಂದರು ಆಚಾರಿ, ಬೈಯುವ ದನಿಯಲ್ಲಿ. ಗೂಟವನ್ನು ಬೆಂಚಿನ ಮೇಲೆ ಇಟ್ಟು ಹೊರಟು ಹೋದರು. ಮೀಸೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಾತ ಮುರಿದ ಹಿಡಿಯನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದರು. "ಮೈದಾ ಹಿಟ್ಟು ಕಬ್ಬಿಣಕ್ಕ ಹತ್ತಂಗಿಲ್ಲ, ನೆನಪಿರ್ಲಿ," ಎಂದರು. ಅಷ್ಟೇ. ಅವ್ವನಿಗೆ ಅವರು ಹೇಳಲಿಲ್ಲ. ಈಗ ಇದನ್ನು ಓದಿಯೇ ಅವಳಿಗೆ ಗೊತ್ತಾಗಬೇಕು.

ಅಕ್ಕ ಪಾಸಾದಳು. ರೇಖಾಗಣಿತದಲ್ಲಿ ಹೋದ ಅಂಕಗಳಿಗೆಲ್ಲ ಡೊಂಕು ಕೈವಾರವೇ ಕಾರಣ ಎಂದಳು, ಬೀಜಗಣಿತದಲ್ಲಿ ಹೋದವಕ್ಕೂ. ತಾತ ಮಾತ್ರ ಬಾಗಿಲಿನ ಕಡೆ ಕೈ ತೋರಿಸುವುದನ್ನು ಬಿಟ್ಟರು. ಆ ವರ್ಷ ಎಣ್ಣೆ ಬಳಿಯಲಿಲ್ಲ, ತೂತನ್ನೂ ಮುಚ್ಚಲಿಲ್ಲ. ಯಾರಾದರೂ ಬಂದರೆ ಹಿತ್ತಲಿಗೆ ಹೋಗಿ ಬೇಕಿಲ್ಲದ ಕೆಲಸ ಹುಡುಕುತ್ತಿದ್ದರು. ಜಗಳಕ್ಕೆ ಎದುರಾಳಿ ಇಲ್ಲದೆ ಆಚಾರಿಯೂ ಚಹಾ ಕುಡಿದು ಸುಮ್ಮನೆ ಎದ್ದು ಹೋಗುತ್ತಿದ್ದರು. ಮನೆ ಶಾಂತವಾಗಿತ್ತು; ಯಾರಿಗೂ ಹಿಡಿಸಲಿಲ್ಲ.

ಪರೀಕ್ಷೆ ಮುಗಿದು ತಿಂಗಳಾಗಿರಬೇಕು. ಅಪ್ಪನ ಪರಿಚಯದ ಅಕ್ಕಿ ಗಿರಣಿಯವರೊಬ್ಬರು ಕಂಪ್ಲಿಯಿಂದ ಬಂದರು. ತಾತ ತಪ್ಪಿಸಿಕೊಳ್ಳುವ ಮೊದಲೇ ಬೆಂಚಿನ ಮೇಲೆ ಕೂತು, ಚಹಾ ಹೀರುತ್ತಾ ಎದುರಿಗೆ ನೋಡಿ ಕೇಳಿದರು.

"ಭಾಳ ಗಟ್ಟಿ ಬಾಗ್ಲ ಐತಲ್ರಿ. ಅದ್ಯಾಕ್ರಿ ಅದರಾಗ ತೂತು?"

ನಾನು ಬಾಯಿ ತೆರೆದೆ. ತಾತ ಕೈ ಎತ್ತಿ ತಡೆದರು.

"ಅದು ಹಳಿ ಮೊಳಿ ತೂತ್ರಿ. ಹರಾಜಿನಾಗ ತಂದ ಹಳೇ ಸ್ಲೀಪರ್. ನಾ ಗ್ಯಾಂಗ್‌ಮನ್ ಇದ್ದೆ. ಮೂವತ್ತು ವರ್ಸ ಹಳಿ ಮ್ಯಾಲ ನಡದೆ. ನನ್ನ ಪಾಲಿನ ಹಳಿ ಮ್ಯಾಲ ಒಂದು ಗಾಡಿನೂ ಬೀಳ್ಲಿಲ್ರಿ."

ಇದೆಲ್ಲವೂ ನಿಜ. ಅವರು ಇಷ್ಟು ನಿಜವನ್ನು ಒಟ್ಟಿಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಂಪ್ಲಿಯವರು "ಹೌದೇನ್ರಿ" ಎಂದು ಆಕಳಿಸಿ, ಚಹಾಕ್ಕೆ ಇನ್ನೊಂಚೂರು ಸಕ್ಕರೆ ಸಿಕ್ಕೀತೇ ಎಂದು ಅಡುಗೆಮನೆಯ ಕಡೆ ನೋಡಿದರು.

ತಾತ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

"ರತ್ನಿ, ನೀ ಏನೋ ಹೇಳಾಕ ಬಂದಿದ್ದಿ?"

"ಏನಿಲ್ಲ ತಾತಾ."

"ಹೇಳವ್ವ. ಆವತ್ತು ಒಳಗ ಸುಮಾ ಇದ್ಲಲ್ಲ, ಅಲ್ಲಿಂದ ಹೇಳು."

ನಾನು ಎದ್ದು ಬಾಗಿಲಿನ ಪಕ್ಕಕ್ಕೆ ಹೋಗಿ ನಿಂತೆ. "ಆವತ್ತು ಒಳಗ ಅಕ್ಕ ಇದ್ಲು," ಎಂದೆ. ಕಂಪ್ಲಿಯವರು ಇನ್ನೂ ಅಡುಗೆಮನೆಯ ಕಡೆಗೇ ನೋಡುತ್ತಿದ್ದರು. "ಅಕ್ಕ, ಮತ್ತ ಒಂದು ನಾಗರಹಾವು."

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ತಾತ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮುಂದೆ ಹೇಳು ಎನ್ನುವಂತೆ ತಲೆಯಾಡಿಸಿದರು.